ಕರಾವಳಿಯ ಓಡಾಟಕ್ಕೆ ಫುಲ್ ಸಿಂಥೆಟಿಕ್ 5ಡಬ್ಲ್ಯು-30: ಕಿಲೋಮೀಟರ್ ಲೆಕ್ಕ ಇಲ್ಲಿ ಸಾಲದು

1.2 ಲೀಟರ್ ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಪಿ ದರ್ಜೆಯ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು) ಫುಲ್ ಸಿಂಥೆಟಿಕ್ 5ಡಬ್ಲ್ಯು-30 (ದಪ್ಪದ ಗುರುತು) ಎಂಜಿನ್ ಆಯಿಲ್, ಓಡಾಟ ಮಂಗಳೂರು-ಉಡುಪಿ ಕಡೆ. ಆಯಿಲ್ ಒಳ್ಳೆಯದೇ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಇಷ್ಟು ಓಡುವವರೆಗೆ ಬದಲಿಸಬೇಕಿಲ್ಲ ಎಂದು ಕ್ಯಾನಿನ ಮೇಲಿರುವ ದೊಡ್ಡ ಕಿಲೋಮೀಟರ್ ಅಂಕಿ ನೋಡಿ ಕೊಳ್ಳುವುದಾದರೆ ಬೇಡ.

ಫುಲ್ ಸಿಂಥೆಟಿಕ್ ಎಂದು ಮಾರುವ ಹೆಚ್ಚಿನ ಆಯಿಲ್‌ಗಳ ಮೂಲ ತೈಲ, ಎಪಿಐ ವಿಂಗಡಣೆಯ ಗ್ರೂಪ್ 3. ಕಚ್ಚಾತೈಲದಿಂದಲೇ ಬಂದದ್ದು, ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ, ಗಂಧಕವನ್ನು ಶೇ. 0.03ರ ಒಳಗೆ ತಂದು, ವಿಸ್ಕಾಸಿಟಿ ಇಂಡೆಕ್ಸನ್ನು (ಹೆಚ್ಚಿದ್ದಷ್ಟೂ ಬಿಸಿಗೆ ಆಯಿಲ್ ತೆಳುವಾಗುವುದು ಕಡಿಮೆ) 120 ದಾಟಿಸಿರುತ್ತಾರೆ. ಡೆಸೀನ್ ಎಂಬ ಹೈಡ್ರೋಕಾರ್ಬನ್ ಅಣುಗಳನ್ನು ಜೋಡಿಸಿ ಮಾಡುವ ಪಿಎಒ ಎಂಬ ತೈಲ ಗ್ರೂಪ್ 4, ಆಮ್ಲ ಮತ್ತು ಆಲ್ಕೋಹಾಲ್ ಸೇರಿಸಿ ಮಾಡುವ ಎಸ್ಟರ್ ಗ್ರೂಪ್ 5. ಗ್ರೂಪ್ 3ನ್ನು ಸಿಂಥೆಟಿಕ್ ಅನ್ನಬಹುದೇ ಎಂಬ ಮೊಬಿಲ್-ಕ್ಯಾಸ್ಟ್ರಾಲ್ ಆಯಿಲ್ ಕಂಪನಿಗಳ ತಕರಾರು 1999ರಲ್ಲಿ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಮುಗಿಯಿತು. ಪಿಎಒ ಮೈನಸ್ 50 ಡಿಗ್ರಿಯ ಸುತ್ತಮುತ್ತಲೂ ಹರಿಯುತ್ತದೆ, ನಿಜ. ನಮ್ಮ ಸೆಕೆಗೆ ಅದನ್ನು ಕಟ್ಟಿಕೊಂಡು ಏನಾಗಬೇಕು ಮಾರಾಯ್ರೇ!

ಇಲ್ಲಿ ಪ್ರಯೋಜನಕ್ಕೆ ಬರುವ ಗುಣ ಬೇರೆ. ಮಿನರಲ್ ಆಯಿಲ್‌ನಲ್ಲಿ ಸಣ್ಣ ದೊಡ್ಡ ಅಣುಗಳು ಬೆರೆತಿರುತ್ತವೆ. ಬಿಸಿಗೆ ಸಣ್ಣವು ಆವಿಯಾಗಿ ಹೋಗಿ ಉಳಿದದ್ದು ಗಟ್ಟಿಯಾಗುತ್ತದೆ. ಸಿಂಥೆಟಿಕ್‌ನಲ್ಲಿ ಅಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಜನ ಲಗೇಜು ತುಂಬಿ, ಎಸಿ ಹಾಕಿ, ಸೆಕೆಂಡ್ ಗೇರಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ತೊಂದರೆ ಇರುವುದು ಊರೊಳಗಿನ ಓಡಾಟದಲ್ಲಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಹೆಚ್ಚಿನದು ಸೈಲೆನ್ಸರಿನಿಂದ ಹೊರಗೆ ಹೋದರೂ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಸಂಪಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಮಂಗಳೂರಿನೊಳಗೇ ಹಂಪನಕಟ್ಟೆಯಿಂದ ಹತ್ತಿರದ ಕಂಕನಾಡಿಗೆ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಕೂಲಂಟ್ ಮುಳ್ಳು ಮೇಲೆ ಬಂದಿದ್ದರೂ ಆಯಿಲ್ ಕಾದಿರುವುದಿಲ್ಲ. ಆ ನೀರು ಆರುವುದಿಲ್ಲ, ಜೊತೆಗೆ ಉರಿಯದ ಪೆಟ್ರೋಲೂ ಸೇರುತ್ತದೆ. ದಹನದ ಆಮ್ಲಗಳನ್ನು ತಟಸ್ಥ ಮಾಡಬೇಕಾದ ಕ್ಷಾರ, ಅಂದರೆ ಟಿಬಿಎನ್, ಕಿಲೋಮೀಟರ್ ಏರದೆಯೇ ಖರ್ಚಾಗುತ್ತದೆ. ಎಸ್ಟರ್ ಹೆಚ್ಚಿರುವ ದುಬಾರಿ ಆಯಿಲ್ ಇದಕ್ಕೆ ಪರಿಹಾರವಲ್ಲ. ನೀರು ಸಿಕ್ಕರೆ ಎಸ್ಟರ್ ನಿಧಾನವಾಗಿ ಒಡೆದು ತಾನೇ ಆಮ್ಲ ಕೊಡುತ್ತದೆ.

ಜುಲೈ ತಿಂಗಳಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿ. ಒಳಮೈಗೆ ಹಾಲುಚಹಾ ಬಣ್ಣದ ಜಿಡ್ಡು ಅಂಟಿದ್ದು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮಾತ್ರ ಸ್ವಚ್ಛವಾಗಿದ್ದರೆ ಅದು ಬರೀ ತೇವ. ಹೆದ್ದಾರಿಯಲ್ಲಿ ಸುರತ್ಕಲ್ ದಾಟಿ ಮುಲ್ಕಿವರೆಗೆ ಹೋಗಿ ಬಂದರೆ ಬಹುಪಾಲು ಹೋಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದು ಕೂಲಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಕೂಲಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಎಂಜಿನ್ ಸೀಲು) ಕಡೆ ಅನುಮಾನ ಪಡಬೇಕು, ಗಾಡಿ ಓಡಿಸಬಾರದು.

ಹಾಗಾಗಿ ಸಣ್ಣ ಓಡಾಟದ ಕಾರಿಗೆ ಆರು ತಿಂಗಳಿಗೊಮ್ಮೆ ಬದಲಾವಣೆ, ಅದೂ ಮಳೆಗಾಲ ಮುಗಿದ ಕೂಡಲೇ ಒಂದು. ದಿನವೂ ಉಡುಪಿ-ಮಂಗಳೂರು ಹೋಗಿ ಬರುವ ಗಾಡಿಗೆ ಮ್ಯಾನ್ಯುಯಲ್‌ನ 10,000 ಕಿ.ಮೀ. ಧಾರಾಳ ಸಾಕು.

3.5 ಲೀಟರ್ ಕ್ಯಾನನ್ನು ಪೂರ್ತಿ ಸುರಿಯುವುದು ಗ್ಯಾರೇಜುಗಳಲ್ಲಿ ಸಾಮಾನ್ಯ. ಎಷ್ಟೋ ಎಂಜಿನ್‌ಗಳಿಗೆ ಫಿಲ್ಟರ್ ಸೇರಿ ಅಷ್ಟು ಬೇಡ. 3 ಲೀಟರ್ ಹಾಕಿ, ಒಂದು ನಿಮಿಷ ಸ್ಟಾರ್ಟ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದು ಸೇರಿಸಲಿ. ಹೆಚ್ಚಾದರೆ ಕ್ರ್ಯಾಂಕ್ ಬಡಿದು ನೊರೆ ಎಬ್ಬಿಸುತ್ತದೆ, ಪ್ರೆಷರ್ ಬೀಳುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು ಬೇಕು. ಮಲ್ಪೆ, ಪಣಂಬೂರಿನ ಉಪ್ಪುಗಾಳಿಗೆ ತಗಡಿನ ಸಂಪ್ ಹೊರಗಿನಿಂದ ತುಕ್ಕು ಹಿಡಿಯುತ್ತದೆ; ಗಾಡಿ ಎತ್ತಿದಾಗ ಬೋಲ್ಟಿನ ಸುತ್ತ ಪೇಂಟ್ ಎದ್ದಿದೆಯೇ ನೋಡಿಸಿ.

ಕ್ಯಾನಿನಲ್ಲಿ ಉಳಿದ ಆಯಿಲನ್ನು ಬೈಕಿಗೆ ಹಾಕಬೇಡಿ. ಕಾರಿನ 5ಡಬ್ಲ್ಯು-30ರಲ್ಲಿರುವ ಘರ್ಷಣೆ ಇಳಿಸುವ ರಾಸಾಯನಿಕಕ್ಕೆ ಬೈಕಿನ ವೆಟ್ ಕ್ಲಚ್, ಅಂದರೆ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್, ಜಾರುತ್ತದೆ. ಬೈಕಿಗೆ ಜಾಸೋ (ಜಪಾನಿನ ವಾಹನ ಮಾನದಂಡ) ಎಂಎ2, ಗೇರಿಲ್ಲದ ಸ್ಕೂಟರಿಗೆ ಎಂಬಿ.