ಕರಾರಿಗೆ ಸಹಿ ಹಾಕುವ ಮುನ್ನ ಗಡುವಿನ ಸಾಲು ಓದಿ: ಜಮೀನು ಮಾರುವವರಿಗೆ ಒಂದು ಎಚ್ಚರಿಕೆ

ಹೊಲ ಮಾರುತ್ತೇನೆ ಅಂದವರನ್ನು ಎಲ್ಲರೂ ಮೊದಲು ಕೇಳುವುದು "ಎಕರೆಗೆ ಎಷ್ಟಕ್ಕೆ ಮಾತಾಯ್ತು?" ಅಂತ. ಕರಾರಿನಲ್ಲಿ ಏನು ಬರೆದಿದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಚಿಕ್ಕಪ್ಪನಿಗೆ ಸಿಕ್ಕ ದರ ಊರಿಗೇ ಹೆಚ್ಚಿನದಾಗಿತ್ತು. ಆದರೂ ಆ ಜಮೀನು ವರ್ಷಗಟ್ಟಲೆ ಮಾರಲಿಕ್ಕೂ ಬಾರದೆ, ಬ್ಯಾಂಕಿನಲ್ಲಿ ಅಡವಿಡಲಿಕ್ಕೂ ಬಾರದೆ ಕೂತಿತ್ತು. ಕೊನೆಗೆ ಕೈಯಿಂದ ದುಡ್ಡು ಕೊಟ್ಟು ಅವರದೇ ಹೊಲವನ್ನು ಬಿಡಿಸಿಕೊಂಡೆವು. ಇದೇ ದಾರಿಯಲ್ಲಿ ಇನ್ನಷ್ಟು ಜನ ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರು ಜಿಲ್ಲೆಯಲ್ಲಿ 3 ಎಕರೆ 12 ಗುಂಟೆ ಖುಷ್ಕಿ ಜಮೀನು. ರಾಗಿ, ಅವರೆ, ಬದುವಿನ ಮೇಲೆ ನಾಲ್ಕು ಹುಣಸೆ ಮರ. ಮಕ್ಕಳು ಬೆಂಗಳೂರಲ್ಲಿ, ಕೂಲಿಗೆ ಆಳು ಸಿಗಲ್ಲ, ಚಿಕ್ಕಪ್ಪನಿಗೆ ಮಂಡಿ ನೋವು. ಮಾರುವ ಯೋಚನೆ ಇತ್ತೇ ಹೊರತು ಅವಸರ ಇರಲಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದವಲ್ಲ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಆಮೇಲೆ ನಮ್ಮೂರಿನ ಗಾಡಿ ದಾರಿಗೂ ಕಾರುಗಳು ಬರತೊಡಗಿದವು. ಪಕ್ಕದ ಹೊಲದವರು ಎಕರೆಗೆ 32 ಲಕ್ಷ ಕೊಡ್ತೀನಿ ಅಂದಿದ್ದರು. ದಲ್ಲಾಳಿ ಕರೆತಂದ ಪಾರ್ಟಿ ಮಾತಿಲ್ಲದೆ 40 ಅಂತು. ಒಟ್ಟು 1 ಕೋಟಿ 32 ಲಕ್ಷ. ಮುಂಗಡ ಮಾತ್ರ 5 ಲಕ್ಷ.

"ಯಜಮಾನ್ರೇ, ದುಡ್ಡು ಎಲ್ಲಿಗೂ ಓಡಿ ಹೋಗಲ್ಲ. ನೀವು ಪೇಪರ್ ರೆಡಿ ಮಾಡ್ಕೊಡಿ ಸಾಕು" ಅಂದ ದಲ್ಲಾಳಿ. ಕರಾರು ಪತ್ರವನ್ನು ಅವರೇ ಬರೆಸಿಕೊಂಡು ತಂದಿದ್ದರು. ಅದರ ನಡುವೆ ಹೀಗಿತ್ತು: "ಒಂದನೇ ಪಾರ್ಟಿಯವರು ಷೆಡ್ಯೂಲ್ ಸ್ವತ್ತಿಗೆ ಸಂಬಂಧಪಟ್ಟ ಸಕಲ ದಾಖಲೆಗಳನ್ನು ಸರಿಪಡಿಸಿಕೊಟ್ಟ ದಿನದಿಂದ ಹನ್ನೊಂದು ತಿಂಗಳೊಳಗಾಗಿ ಎರಡನೇ ಪಾರ್ಟಿಯವರು ಬಾಕಿ ಹಣ ಪಾವತಿಸಿ ಶುದ್ಧ ಕ್ರಯಪತ್ರ ನೋಂದಾಯಿಸಿಕೊಳ್ಳತಕ್ಕದ್ದು."

ಓದಿದರೆ ಹನ್ನೊಂದು ತಿಂಗಳು ಅಂತಲೇ ಕಿವಿಗೆ ಬೀಳುತ್ತದೆ. ಆದರೆ ಆ ಹನ್ನೊಂದು ತಿಂಗಳು ಶುರುವಾಗುವುದು ಯಾವತ್ತು? ಸಕಲ ದಾಖಲೆ ಅಂದರೆ ಯಾವ್ಯಾವುದು, ಸರಿಯಾಯಿತು ಅಂತ ಹೇಳುವವರು ಯಾರು? ಎಲ್ಲೂ ಬರೆದಿರಲಿಲ್ಲ.

ಮೊದಲು ಪಹಣಿಗೂ, ಭೂಮಾಪನ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್‌ಗೂ ತಾಳೆ ಆಗ್ತಿಲ್ಲ ಅಂದರು. ನಿಜ, ಪಹಣಿಯಲ್ಲಿ 3-12, ಆಕಾರ್‌ಬಂದ್‌ನಲ್ಲಿ 3-08. ಅದನ್ನು ಸರಿಮಾಡಿಸಲು ತಾಲ್ಲೂಕು ಕಚೇರಿ, ಭೂಮಾಪನ ಶಾಖೆ ಅಂತ ತಿರುಗಿದ್ದು ಒಂದು ಬೇಸಿಗೆ, ಒಂದು ಮಳೆಗಾಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ಪೋಡಿ, ಅಂದರೆ ಸರ್ವೆ ನಂಬರಿನಲ್ಲಿ ನಮ್ಮ ಪಾಲನ್ನು ಅಳೆದು ಬೇರೆ ಮಾಡುವುದು, ಆಗಿಲ್ಲ ಅಂದರು. ಆಮೇಲೆ ತಾತನ ಮರಣ ಪ್ರಮಾಣ ಪತ್ರ, ವಂಶವೃಕ್ಷ, ನಮ್ಮ ಅತ್ತೆಯರ ಸಹಿ. ಅತ್ತೆಯರಲ್ಲಿ ಒಬ್ಬರು ತೀರಿಕೊಂಡಿದ್ದರಿಂದ ಅವರ ಮಕ್ಕಳೆಲ್ಲರ ಸಹಿ. ಅವರು ಕೇಳಿದ್ದರಲ್ಲಿ ಯಾವುದೂ ಸುಳ್ಳಲ್ಲ ಅನ್ನುವುದೇ ಇಲ್ಲಿನ ಕಷ್ಟ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. ಅವರ ಸಹಿ ಬೇಕೇ ಬೇಕು. ಆದರೆ ಇವನ್ನೆಲ್ಲ ಒಟ್ಟಿಗೆ ಕೇಳದೆ ಒಂದೊಂದಾಗಿ, ಹಿಂದಿನದು ಮುಗಿದ ಮೇಲೆ ಮುಂದಿನದು ಅಂತ ಕೇಳುತ್ತಾ ಹೋದರು. ಗಡಿಯಾರ ಶುರುವಾಗದ ಹಾಗೆ ನೋಡಿಕೊಂಡರು.

ಅಷ್ಟರಲ್ಲಿ ಅವರ ಕೆಲಸ ಏನು ಅಂದರೆ ನಮ್ಮ ಹೊಲವನ್ನು ಬೇರೆಯವರಿಗೆ ತೋರಿಸುವುದು. ಒಂದು ದಿನ ಹೊಲದಲ್ಲಿ ಯಾರೋ ನಿಂತು ಡ್ರೋನ್ ಹಾರಿಸುತ್ತಿದ್ದರು. ಚಿಕ್ಕಪ್ಪ ಹೋಗಿ "ಯಾರಪ್ಪಾ ನೀವು?" ಅಂದರೆ, "ನೀವು ಯಾರು?" ಅಂತ ಅವರೇ ತಿರುಗಿ ಕೇಳಿದರು. ಐದು ಲಕ್ಷಕ್ಕೆ ಒಂದೂಕಾಲು ಕೋಟಿಯ ಆಸ್ತಿಗೆ ಮೂಗುದಾರ ಹಾಕಿ, ಹೆಚ್ಚಿಗೆ ಕೊಡುವ ಗಿರಾಕಿ ಸಿಗುವವರೆಗೆ ಕಾಯುವುದು, ಇದೇ ಅವರ ವ್ಯಾಪಾರ. ಸಿಕ್ಕರೆ ನಡುವಿನ ಲಾಭ ಅವರದು. ಸಿಗದಿದ್ದರೆ ಪೇಪರ್ ಸರಿಯಿಲ್ಲ ಅಂತ ಮುಂಗಡ ವಾಪಸ್ ಕೇಳಬಹುದು.

"ಕಚೇರಿ ಓಡಾಟಕ್ಕೆ ಅನುಕೂಲ" ಅಂತ ಕರಾರಿನ ಜೊತೆಯಲ್ಲೇ ಒಂದು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೂಡ ಬರೆಸಿಕೊಂಡಿದ್ದರು. ಒಳಗೆ ನೋಡಿದರೆ ಕ್ರಯ ಮಾಡುವ, ಕರಾರು ಮಾಡುವ, ಹಣ ಪಡೆಯುವ ಅಧಿಕಾರವೆಲ್ಲ ಇದೆ. ಜಿಪಿಎ ಮೂಲಕ ಆಸ್ತಿ ಕೈ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ಸರಿ. ಆದರೆ ಮಾರಾಟದ ಅಧಿಕಾರ ಇದ್ದ ಮೇಲೆ ಅವರು ನಿಮ್ಮ ಪರವಾಗಿ ಮೂರನೆಯವರಿಗೆ ಕ್ರಯಪತ್ರ ಮಾಡಿಕೊಡಬಹುದು. ಹಣ ಪಡೆದು, ಕರಾರಿಗೆ ಸೇರಿಸಿ ಕೊಟ್ಟ ಅಧಿಕಾರ ಪತ್ರವನ್ನು ಬೇಡ ಅನಿಸಿದ ದಿನ ರದ್ದು ಮಾಡುವುದೂ ಸುಲಭವಲ್ಲ. ಕಚೇರಿ ಓಡಾಟಕ್ಕೆ ಬೇಕಿದ್ದರೆ ಆ ಕೆಲಸಕ್ಕಷ್ಟೇ ಅಧಿಕಾರ ಕೊಡುವ ಪತ್ರ ಸಾಕು, ಅದನ್ನೂ ನಿಮ್ಮ ಮನೆಯವರ ಹೆಸರಿಗೇ ಕೊಡಿ.

ಪಕ್ಕದ ಹೊಲದವರು ಮತ್ತೆ ಬಂದರು, ಈ ಸಲ 45 ಲಕ್ಷಕ್ಕೆ. ಇಸಿ (ಋಣಭಾರ ಪತ್ರ, ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ) ತೆಗೆಸಿದರೆ ಕರಾರು ಎದ್ದು ಕಾಣುತ್ತಿತ್ತು, ಅವರು ಹಿಂದೆ ಸರಿದರು. ಕರಾರು ರಿಜಿಸ್ಟರ್ ಆಗಿರದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು ಅಂತ ಊರಲ್ಲಿ ಕೆಲವರು ಅಂದರು. ಅದೂ ಸರಿಯಲ್ಲ. ನೋಂದಣಿ ಆಗದ ಕರಾರನ್ನೂ ಕ್ರಯ ಮಾಡಿಕೊಡಿಸಿ ಅನ್ನುವ ದಾವೆಯಲ್ಲಿ ಸಾಕ್ಷ್ಯವಾಗಿ ನೋಡುತ್ತಾರೆ. ನಾವು ವಕೀಲರ ನೋಟಿಸ್ ಕೊಟ್ಟಿದ್ದೇ ತಡ, ಅವರು ದಾವೆ ಹೂಡಿ ತಡೆಯಾಜ್ಞೆ ತಂದರು. ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿಯ ನಂತರ ಇಂಥ ದಾವೆಗಳಲ್ಲಿ ನ್ಯಾಯಾಲಯಕ್ಕೆ ಮೊದಲಿದ್ದ ವಿವೇಚನಾಧಿಕಾರ ಕಡಿಮೆಯಾಗಿದೆ, ಕರಾರು ಜಾರಿ ಮಾಡಿಸುವುದೇ ಈಗ ಸಾಮಾನ್ಯ ನಿಯಮ. ಸ್ಥಿರಾಸ್ತಿಯ ಕರಾರಿನಲ್ಲಿ ಬರೀ ತಾರೀಕು ದಾಟಿತು ಅಂದ ಮಾತ್ರಕ್ಕೆ ಕರಾರು ಬಿದ್ದುಹೋಗುವುದೂ ಇಲ್ಲ. "ಕಾಲಾವಧಿಯೇ ಈ ಕರಾರಿನ ಮುಖ್ಯ ಷರತ್ತು" ಅಂತ ಬಿಡಿಸಿ ಬರೆದಿರಬೇಕು. ನಮ್ಮದರಲ್ಲಿ ತಾರೀಕೂ ಇರಲಿಲ್ಲ, ಆ ಮಾತೂ ಇರಲಿಲ್ಲ.

ಈ ಮಧ್ಯೆ ಚಿಕ್ಕಪ್ಪ, ಬರುವ ಹಣವನ್ನೇ ನಂಬಿ, ಮಗನಿಗೆ ಅಂತ ಟೌನಿನಲ್ಲಿ ಒಂದು ಮನೆಗೆ ಮುಂಗಡ ಕೊಟ್ಟಿದ್ದರು. ಅದು ಹೋಯಿತು. ಕೋರ್ಟಿನಲ್ಲಿ ಕೊನೆಗೆ ರಾಜಿ ಆಯಿತು: 5 ಲಕ್ಷ ಮುಂಗಡದ ಜೊತೆ ಮೇಲೆ 7 ಲಕ್ಷ. ಏನೂ ಮಾಡದೆ ಕೂತವರಿಗೆ ಏಳು ಲಕ್ಷ! ರಾಜಿಯಲ್ಲೂ ಒಂದು ಕೆಲಸ ಬಾಕಿ ಉಳಿಯುತ್ತಿತ್ತು, ವಕೀಲರು ನೆನಪಿಸಿದರು: ಕರಾರು ರದ್ದು ಪತ್ರವನ್ನೂ ಜಿಪಿಎ ರದ್ದತಿಯನ್ನೂ ಉಪನೋಂದಣಿ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಬೇಕು. ಇಲ್ಲದಿದ್ದರೆ ಮುಂದಿನ ಗಿರಾಕಿ ಇಸಿ ತೆಗೆಸಿದಾಗ ಮತ್ತೆ ಅದೇ ಕಥೆ.

ಹಾಗಾದರೆ ಯಾವಾಗ ಮಾರಬೇಕು? ಗಿರಾಕಿ ಬಂದಾಗ ಅಲ್ಲ, ನಿಮ್ಮ ಕಾಗದ ಸಿದ್ಧವಾದಾಗ. ಪಹಣಿಯ 9ನೇ ಕಾಲಂನಲ್ಲಿ ಈಗ ಬದುಕಿರುವವರ ಹೆಸರಿದೆಯೇ, 11ನೇ ಕಾಲಂನಲ್ಲಿ ತೀರಿಸಿದ ಸಾಲದ ಬೋಜಾ (ಜಮೀನಿನ ಮೇಲಿನ ಸಾಲದ ನಮೂದು) ಇನ್ನೂ ಕೂತಿದೆಯೇ ನೋಡಿಕೊಳ್ಳಿ. ಸೊಸೈಟಿ ಸಾಲ ಕಟ್ಟಿ ಎಷ್ಟೋ ವರ್ಷ ಆಗಿದ್ದರೂ ಬೋಜಾ ತೆಗೆಸದೇ ಇರುವವರು ಬೇಕಾದಷ್ಟು ಜನ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ಮದುವೆ, ಆಸ್ಪತ್ರೆ ಅಂತ ಕೈ ಕಟ್ಟಿಹೋದಾಗ ಮಾರಲು ಹೊರಟರೆ ಈ ಎಲ್ಲದರ ನಡುವೆ ಅವಸರವೂ ಸೇರುತ್ತದೆ, ಅದನ್ನು ದಲ್ಲಾಳಿ ಮುಖ ನೋಡಿಯೇ ಕಂಡುಹಿಡಿಯುತ್ತಾನೆ.

ಭಾಗ ಮಾರುವವರಿಗೆ ಇನ್ನೊಂದು ಮಾತು. ಎಲ್ಲರೂ ಕೇಳುವುದು ರಸ್ತೆ ಬದಿಯ ತುಂಡನ್ನೇ. ಅದನ್ನು ಕೊಟ್ಟ ಮೇಲೆ ಹಿಂದಿನ ಹೊಲಕ್ಕೆ ಗಾಡಿ ಹೋಗುವುದು ಎಲ್ಲಿಂದ? ದಾರಿಯನ್ನು ಬಾಯಿಮಾತಿಗೆ ಬಿಡದೆ, ಎಷ್ಟು ಅಡಿ ಅಗಲ, ಯಾವ ದಿಕ್ಕು ಅಂತ ಕ್ರಯಪತ್ರದಲ್ಲೇ, ನಕ್ಷೆಯಲ್ಲೇ ಬರೆಸಿ.

ಹಣದ ವಿಷಯ. ನಮಗೆ ಕೊಟ್ಟ ಐದರಲ್ಲಿ ಮೂರು ಲಕ್ಷ ನೋಟಿನಲ್ಲೇ ಕೊಟ್ಟಿದ್ದರು. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದು ಪಡೆಯುವಂತಿಲ್ಲ ಅಂತ 2015ರಿಂದ ನಿಯಮವಿದೆ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದಾದ್ದು ಪಡೆದವರ ಮೇಲೆ. ಇಬ್ಬರಿಗೂ ಕೃಷಿ ಆದಾಯ ಇದ್ದು, ಇಬ್ಬರಿಗೂ ತೆರಿಗೆ ಬರುವ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ. ಕಾರಿನಲ್ಲಿ ಬಂದ ಗಿರಾಕಿಗೆ ಅದು ಹೊಂದುವುದು ಕಷ್ಟ. ಹಳ್ಳಿ ಜಮೀನಿಗೆ ಆದಾಯ ತೆರಿಗೆಯೇ ಇಲ್ಲ ಅನ್ನುವುದೂ ಅರ್ಧ ನಿಜ. ಹತ್ತಿರದ ಪುರಸಭೆ, ನಗರಸಭೆಯ ಜನಸಂಖ್ಯೆ 10,000 ದಾಟಿದ್ದರೆ 2 ಕಿಲೋಮೀಟರ್, 1 ಲಕ್ಷ ದಾಟಿದ್ದರೆ 6, 10 ಲಕ್ಷ ದಾಟಿದ್ದರೆ 8 ಕಿಲೋಮೀಟರ್ ಒಳಗಿರುವ ಜಮೀನಿನ ಲಾಭಕ್ಕೆ ತೆರಿಗೆ ಬರುತ್ತದೆ. ದೂರ ಅಳೆಯುವುದು ರಸ್ತೆಯಲ್ಲಲ್ಲ, ನೇರ ಗೆರೆಯಲ್ಲಿ.

ಕರಾರನ್ನು ನಿಮ್ಮ ವಕೀಲರಿಂದಲೇ ಬರೆಸಿ. ಕೊನೆಯ ದಿನ ಕ್ಯಾಲೆಂಡರಿನ ತಾರೀಕಾಗಿರಲಿ, ಕೊಡಬೇಕಾದ ಕಾಗದಗಳ ಹೆಸರು ಒಂದೊಂದಾಗಿ ಇರಲಿ, ಅವಧಿ ಮೀರಿದರೆ ಮುಂಗಡ ಏನಾಗುತ್ತದೆ ಅಂತಲೂ ಇರಲಿ. ಮೂಲ ಪತ್ರಗಳನ್ನು ಕ್ರಯದ ದಿನದವರೆಗೆ ಕೈಬಿಡಬೇಡಿ. ನಮ್ಮ ಮಟ್ಟಿಗೆ ಹೇಳುವುದಾದರೆ, ಒಟ್ಟು ಬೆಲೆಯ ಕಾಲು ಭಾಗವಾದರೂ ಮುಂಗಡ ಕೊಡದವರ ಜೊತೆ ಇನ್ನು ಕರಾರೇ ಇಲ್ಲ.

ಈಗಾಗಲೇ ಇಂಥ ಕರಾರಿನಲ್ಲಿ ಸಿಕ್ಕಿಕೊಂಡಿದ್ದರೆ, ಅವರು ಕೇಳಿದ ಪ್ರತಿ ಕಾಗದವನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕೈಗೆ ಕೊಟ್ಟರೆ ಕೊಟ್ಟಿಲ್ಲ ಅಂತಾರೆ. ಎಲ್ಲ ಕೊಟ್ಟಾದ ಮೇಲೆ, ಇಂಥ ದಿನ ಬಾಕಿ ಹಣ ತಂದು ಕ್ರಯ ಮಾಡಿಸಿಕೊಳ್ಳಿ ಅಂತ ವಕೀಲರ ನೋಟಿಸ್ ಕೊಡಿ. ಕರಾರಿನಲ್ಲಿ ತಾರೀಕು ಇದ್ದರೆ ಆ ದಿನದಿಂದ, ಇಲ್ಲದಿದ್ದರೆ ನೀವು ಒಲ್ಲೆ ಅಂದದ್ದು ಅವರಿಗೆ ತಿಳಿದ ದಿನದಿಂದ, ದಾವೆ ಹೂಡಲು ಅವರಿಗೆ ಮೂರು ವರ್ಷ ಕಾಲಾವಕಾಶ. ನೋಟಿಸ್ ಕೊಡುವ ಮೊದಲೇ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ ಹಾಕಿಡಿ, ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡುವುದು ತಪ್ಪುತ್ತದೆ. ಕೇವಿಯಟ್ ನಡೆಯುವುದು 90 ದಿನ, ಅದು ಮುಗಿಯುವ ಮುನ್ನ ಮತ್ತೊಂದು ಹಾಕಿ.