ಕೃತಕ ಎಂಜಲಿನ ಸ್ಪ್ರೇ: ಎರಡು ವರ್ಷ ಬಳಸಿದ ಮೇಲೆ

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವುದು ನನ್ನ ಕೆಲಸ. ಕೆನ್ನೆ ಒಳಗಿನ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ರೇಡಿಯೇಷನ್ ಆಯಿತು. ಬಾಯಿ ಹುಣ್ಣು ನಿಧಾನಕ್ಕೆ ಮಾಯಿತು. ಎಂಜಲು ಮಾತ್ರ ಮೊದಲಿನ ಹಾಗೆ ಬರಲೇ ಇಲ್ಲ. ಕಿವಿ ಹತ್ತಿರ, ದವಡೆ ಕೆಳಗೆ ಇರುವ ಎಂಜಲಿನ ಗ್ರಂಥಿಗಳ ಮೇಲೂ ಕಿರಣ ಬೀಳುತ್ತದಲ್ಲ, ಅದಕ್ಕೇ ಹೀಗೆ ಅಂದರು ಡಾಕ್ಟರ್. ಈ ಸ್ಪ್ರೇ ಬರೆದುಕೊಟ್ಟಿದ್ದೂ ಅವರೇ.

ಎರಡು ಮೂರು ಕಂಪನಿಯದು ಬಳಸಿದ್ದೇನೆ. ನಾನು ಕೊಂಡಿದ್ದರಲ್ಲೆಲ್ಲ ಇದ್ದಿದ್ದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅನ್ನುವ ಅಂಟು. ನಾಲಿಗೆ ಮೇಲೆ ಲೋಳೆಸರ ಸವರಿದ ಹಾಗಿರುತ್ತದೆ.

ಕೆಲಸ ಮಾಡುತ್ತಾ? ಮಾಡುತ್ತದೆ, ಅರ್ಧ ಗಂಟೆ. ಆದರೆ ಮಂಡಿಯಲ್ಲಿ ಆ ಅರ್ಧ ಗಂಟೆಗೇ ಬೆಲೆ. ಮೊದಲು 'ನೂರಾ ತೊಂಬತ್ತು' ಅನ್ನುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿ ಟಕ್ ಅಂತ ಬಿಡುತ್ತಿತ್ತು. ವ್ಯಾಪಾರಿಗಳು ಮುಖ ನೋಡುತ್ತಿದ್ದರು. ಈಗ ಸಾಲು ಶುರು ಮಾಡುವ ಮುಂಚೆ ಕೆನ್ನೆ ಒಳಗೆ, ನಾಲಿಗೆ ಕೆಳಗೆ ಹೊಡೆದುಕೊಂಡು ಕೂಗುತ್ತೇನೆ. ರಾತ್ರಿಗೂ ಇದು ಬೇಕೇ ಬೇಕು. ಬರೀ ನೀರು ಕುಡಿದರೆ ಬಾಯಿ ಮತ್ತೆ ಒಣಗುತ್ತದೆ, ಬಚ್ಚಲಿಗೆ ಎದ್ದು ಓಡಾಡುವುದು ಬೇರೆ.

ಊಟಕ್ಕೆ ಮಾತ್ರ ಇದು ದಂಡ. ಮುದ್ದೆ ನುಂಗುವುದು ತಾನೇ, ಏನು ಕಷ್ಟ ಅಂತಾರೆ. ಒಣ ಬಾಯಲ್ಲಿ ನುಂಗಿ ನೋಡಲಿ! ಮೆತ್ತಗೆ ಮಾಡಿಸಿ, ಖಾರ ಕಮ್ಮಿ ಹಾಕಿದ ಹೆಸರುಬೇಳೆ ಸಾರಲ್ಲಿ ಮುಳುಗಿಸಿದರೆ ಜಾರುತ್ತದೆ. ಟೊಮೆಟೊ ಸಾರು ಈಗಲೂ ಉರಿ. ಮಾರುವವನಿಗೇ ಈ ಗತಿ, ಏನು ಮಾಡೋಣ.

ತುಟಿಗೆ ಸ್ಪ್ರೇ ಹೊಡೆಯಬೇಡಿ, ಆರಿದ ಮೇಲೆ ಇನ್ನೂ ಬಿಗಿಯುತ್ತದೆ. ನಾಲಿಗೆಯಿಂದ ಸವರುವುದೂ ಬೇಡ. ಪರಿಮಳ ಇಲ್ಲದ ಸಾದಾ ವ್ಯಾಸಲೀನ್ ಸಾಕು. ರೇಡಿಯೇಷನ್ ಇನ್ನೂ ನಡೆಯುತ್ತಿದ್ದರೆ ಒಳಗೆ ಹೋಗುವ ಮುಂಚೆ ದಪ್ಪಗೆ ಹಚ್ಚಬೇಡಿ, ಅಲ್ಲಿಯವರನ್ನು ಕೇಳಿಕೊಳ್ಳಿ. ನನಗೆ ಎರಡೂ ಬಾಯಿ ಮೂಲೆ ಒಡೆದು, ಕೆಂಪಾಗಿ, ಅಂಚಲ್ಲಿ ಬೆಳ್ಳಗೆ ಕಟ್ಟುತ್ತಿತ್ತು. ವ್ಯಾಸಲೀನ್‌ಗೆ ಜಗ್ಗಲಿಲ್ಲ. ಡಾಕ್ಟರ್ ನೋಡಿ ಇದು ಫಂಗಸ್ ಅಂದರು, ಅದರ ಮುಲಾಮು ಹಚ್ಚಿದ ಮೇಲೇ ಹೋಯಿತು. ಎಂಜಲು ಕಮ್ಮಿ ಇದ್ದವರಿಗೆ ಇದು ಬೇಗ ಹತ್ತುತ್ತದಂತೆ.

ಹಲ್ಲಿನ ವಿಷಯ ಸ್ಪ್ರೇ ಚೀಟಿಯಲ್ಲಿ ಕಾಣಲಿಲ್ಲ. ಎಂಜಲು ಇಲ್ಲದಿದ್ದರೆ ಹಲ್ಲು ಬೇಗ ಹುಳುಕಾಗುತ್ತದೆ. ಕಿರಣ ಬಿದ್ದ ದವಡೆ ಸುಲಭಕ್ಕೆ ಮಾಯುವುದಿಲ್ಲ, ಹಾಗಾಗಿ ರೇಡಿಯೇಷನ್ ಆಗಿದೆ ಅಂತ ಹೇಳದೆ ಹಲ್ಲು ಕೀಳಿಸಲೇಬಾರದು. ಹಲ್ಲಿನ ಡಾಕ್ಟರ್ ಫ್ಲೋರೈಡ್ ಜಾಸ್ತಿ ಇರುವ ಪೇಸ್ಟ್ ಬರೆದರು. ನಮ್ಮ ಕಡೆ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಇದೆಯಲ್ಲ ಸಾರ್ ಅಂದೆ. ಕುಡಿದಿದ್ದು ಮೂಳೆಗೆ ಹೋಗುತ್ತದೆ, ಪೇಸ್ಟು ಹಲ್ಲಿನ ಮೇಲೆ ಕೆಲಸ ಮಾಡುತ್ತದೆ, ಉಜ್ಜಿ ಉಗಿಯಿರಿ, ನುಂಗಬೇಡಿ ಅಂದರು.

ಹುಣ್ಣು ಇರುವಾಗಲೇ ಸ್ಪ್ರೇಗೆ ದುಡ್ಡು ಹಾಕುವುದು ನನ್ನ ಪ್ರಕಾರ ವೇಸ್ಟು. ಆಗ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ, ದಿನಕ್ಕೆ ಹಲವು ಸಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಹತ್ತಿರಕ್ಕೂ ಬೇಡ. ಹುಣ್ಣು ಮಾಯ್ದ ಮೇಲೆ ಸ್ಪ್ರೇ ತಗೊಳ್ಳಿ, ಮಿಂಟ್ ಇಲ್ಲದ್ದು ಕೇಳಿ. ನಮ್ಮ ಮೆಡಿಕಲ್ ಶಾಪ್‌ನಲ್ಲಿ ಕೈಗೆ ಸಿಗುವುದಿಲ್ಲ, ಹೇಳಿ ತರಿಸಬೇಕು. ಬಾಟಲಿ ಅರ್ಧ ಆದಾಗಲೇ ಹೇಳಿಬಿಡಿ.