ಲೈಬ್ರರಿಯ ಕಾಪಿರೈಟ್ ಮೇಜು: ಐದು ವರ್ಷ ಬಳಸಿದ ಮೇಲೆ

ನಾನು ಕಾಸರಗೋಡಿನವನು, ಕನ್ನಡದಲ್ಲಿ ಪಿಎಚ್.ಡಿ. ಮುಗಿಸಿದವನು. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕಾಪಿರೈಟ್, ಪ್ರಕಟಣೆ ಅಂತ ಬೋರ್ಡು ಹಾಕಿದ ಒಂದು ಮೇಜಿದೆ. ಐದು ವರ್ಷ ಅದರ ಮುಂದೆ ಕೂತೆದ್ದಿದ್ದೇನೆ. ಫೀಸಿಲ್ಲ. ಮಾತೆಲ್ಲ ಮಲಯಾಳದಲ್ಲಿ, ಫಾರಂ ಇಂಗ್ಲಿಷಿನಲ್ಲಿ.

ಮೊದಲು ಹೋದದ್ದು ಗೋವಿಂದ ಪೈಗಳ ಕವಿತೆಗಾಗಿ. ಮಂಜೇಶ್ವರದವರು, ನಮ್ಮವರೇ ಅಲ್ವಾ, ಪ್ರಬಂಧಕ್ಕೆ ಎಷ್ಟು ಬೇಕಾದರೂ ಸೇರಿಸಬಹುದು ಅಂದುಕೊಂಡಿದ್ದೆ. ಮೇಜಿನ ಮೇಡಂ ಬೆರಳು ಮಡಚಿ ಲೆಕ್ಕ ಹಾಕಿದರು. ತೀರಿಕೊಂಡದ್ದು 1963ರಲ್ಲಿ. ಮುಂದಿನ ಜನವರಿಯಿಂದ 60 ವರ್ಷ, ಅಂದರೆ 2023ರ ಕೊನೆಯವರೆಗೆ ಹಕ್ಕು ಇದೆ. ಅಲ್ಲಿಯವರೆಗೆ ವಿಮರ್ಶೆಗೆ ಬೇಕಾದ ಸಾಲು ಮಾತ್ರ ತೆಗೆದುಕೊಳ್ಳಿ ಅಂದರು. 2024 ಬಂದ ಮೇಲೆ ಇಡೀ ಕವಿತೆಗಳನ್ನೇ ಅನುಬಂಧಕ್ಕೆ ಹಾಕಿದೆ. ಕವಿ ಹೋದ ಮೇಲೆ ಮೊದಲ ಸಲ ಅಚ್ಚಾದದ್ದಿದ್ದರೆ ಅದಕ್ಕೆ ಅಚ್ಚಾದ ವರ್ಷದಿಂದ ಲೆಕ್ಕ ಅಂತಲೂ ಎಚ್ಚರಿಸಿದ್ದರು. ಇನ್ನೊಬ್ಬ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಹೋದದ್ದು 2015ರಲ್ಲಿ. ಅವರ ಇಡೀ ಕವಿತೆ ಬೇಕಾದರೆ 2075 ಮುಗಿಯುವವರೆಗೂ ಒಪ್ಪಿಗೆ ಕೇಳಲೇಬೇಕು.

ಆಮೇಲೆ ಹಳೆಯ ಕಾಗದಗಳ ಗಲಾಟೆ. ಎಣ್ಮಕಜೆ ಕಡೆಯ ಒಬ್ಬ ಅಜ್ಜಿ ತಗಡಿನ ಪೆಟ್ಟಿಗೆಯಿಂದ ಒಂದು ಕಟ್ಟು ಕಾಗದ ತೆಗೆದು ಕೊಟ್ಟಿದ್ದರು. ಗಂಡನಿಗೆ ಅವರ ಸ್ನೇಹಿತರಾದ ಮಾಸ್ಟ್ರೊಬ್ಬರು ಬರೆದದ್ದು. ಅಜ್ಜಿ ಹೂಂ ಅಂದ ಮೇಲೆ ಇನ್ನೇನು? ಅದು ಸಾಲದು ಅಂದರು ಮೇಡಂ. ಕಾಗದ ಅಜ್ಜಿಯದ್ದೇ, ಆದರೆ ಬರೆದದ್ದರ ಹಕ್ಕು ಮಾಸ್ಟ್ರದ್ದು, ಈಗ ಅವರ ಮಕ್ಕಳದ್ದು. ಹುಡುಕಿಕೊಂಡು ಪುತ್ತೂರಿಗೆ ಹೋದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಮಗ, “ಅಪ್ಪನ ಕಾಗದಕ್ಕೆ ನನ್ನ ಸೈನ್ ಯಾಕೆ ಮಾರಾಯ್ರೇ?” ಅಂತ ನಕ್ಕರು. ಸೈನ್ ಹಾಕಿದರು. ಒಪ್ಪಿಗೆ ಪತ್ರದ ಮೂಲೆಯಲ್ಲಿ ಅಡಿಕೆ ಕರೆ ಈಗಲೂ ಇದೆ.

ದುಡ್ಡು ಕೇಳಿದ ಎರಡು ನಕಲಿ ಜರ್ನಲ್‌ಗಳಿಂದಲೂ ಮೇಜಿನವರೇ ಉಳಿಸಿದರು.

ತಕರಾರೂ ಇದೆ. ಕೃತಿಚೌರ್ಯ ಪರೀಕ್ಷೆಗೆ ಮೊದಲ ಅಧ್ಯಾಯ ಕೊಟ್ಟಾಗ ಸೊನ್ನೆ ಶೇಕಡಾ ಬಂತು. ಖುಷಿಯಿಂದ ಚಾ ಕುಡಿದು ಬಂದೆ. ನೋಡಿದರೆ ನಾನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಸಾಫ್ಟ್‌ವೇರಿಗೆ ಅದು ಕನ್ನಡವಾಗಿ ಕಂಡೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಂಡಿದೆ. ಮೇಜಿನವರಿಗೂ ಗೊತ್ತಾಗಲಿಲ್ಲ. ಯುನಿಕೋಡಿಗೆ ಬದಲಿಸಿ, ಒಡೆದ ಒತ್ತಕ್ಷರ ತಿದ್ದುವುದರಲ್ಲಿ ಮೂರು ವಾರ ಹೋಯಿತು.

ಇನ್ನೊಂದು ಜಾಸ್ತಿ ನೋವಿನದ್ದು. ಯುಜಿಸಿ ನಿಯಮದಂತೆ ಪ್ರಬಂಧ ಶೋಧಗಂಗಾಕ್ಕೆ, ಅಂದರೆ ಪಿಎಚ್.ಡಿ. ಪ್ರಬಂಧಗಳನ್ನು ಎಲ್ಲರೂ ಓದುವಂತೆ ನೆಟ್ಟಲ್ಲಿ ಇಡುವ ಭಂಡಾರಕ್ಕೆ, ಹೋಯಿತು. ಹೋಗಲಿ, ನಾಲ್ಕು ಜನ ಓದಲಿ. ಆದರೆ ಅದನ್ನೇ ಪುಸ್ತಕ ಮಾಡಲು ಹೊರಟರೆ ಪ್ರಕಾಶಕರು, “ನೆಟ್ಟಲ್ಲಿ ಸುಮ್ನೆ ಸಿಗುವಾಗ ಯಾರು ತಗೊಳ್ತಾರೆ?” ಅಂದರು. ಇದನ್ನು ಮೊದಲೇ ಯೋಚಿಸಿಕೊಳ್ಳಿ ಅಂತ ಮೇಜಿನಲ್ಲಿ ಒಂದು ಮಾತು ಹೇಳಬಹುದಿತ್ತು. ಎರಡು ಅಧ್ಯಾಯ ಹೊಸದಾಗಿ ಬರೆದ ಮೇಲೆ ಪ್ರಕಾಶಕರು ಒಪ್ಪಿದರು. ಒಪ್ಪಂದ ಬರವಣಿಗೆಯಲ್ಲಿ ಇರಲಿ ಅಂದದ್ದಕ್ಕೆ, “ನಮ್ಮೊಳಗೆ ಅದೆಲ್ಲ ಯಾಕೆ?” ಅಂತ ಮುಖ ಸಣ್ಣ ಮಾಡಿದರು. ಮೇಜಿನಲ್ಲಿ ಕನ್ನಡದ ಮಾದರಿ ಇರಲಿಲ್ಲ. ಇಂಗ್ಲಿಷಿನದ್ದನ್ನು ನೋಡಿ ನಾನೇ ಒಂದು ಪುಟ ಬರೆದೆ. ಮೇಡಂ ಅದರ ಫೋಟೊಕಾಪಿ ತೆಗೆದು ಡ್ರಾಯರಿನಲ್ಲಿಟ್ಟುಕೊಂಡಿದ್ದಾರೆ. ಬೇಕಾದವರು ಕೇಳಿ, ಕೊಡುತ್ತಾರೆ.

ಐದರಲ್ಲಿ ಮೂರೂವರೆ ಅಂಕ.